130 ಅಡಿಯ ದಡ ಯಾರದು?

2022ರ ಸೆಪ್ಟೆಂಬರ್ ಆರಂಭದಲ್ಲಿ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಜಲಾಶಯ, ಕೋಡಿ ಬಿತ್ತು. ಅದಕ್ಕೆ ಮೊದಲು ಅದು ಕೋಡಿ ಹರಿದದ್ದು 1933ರಲ್ಲಿ. ನಡುವೆ 89 ವರ್ಷ ಕಳೆದಿದ್ದವು. ಮಾರಿಕಣಿವೆ ತುಂಬಿದ್ದನ್ನು ತಾತಂದಿರ ಬಾಯಲ್ಲಿ ಕೇಳಿದ್ದವರು ಆ ವರ್ಷ ಕಣ್ಣಾರೆ ಕಂಡರು. ಜಿಲ್ಲೆಯ ಮೂಲೆಮೂಲೆಯಿಂದ ಜನ ಬಂದರು, ಬಾಗಿನ ಬಿಟ್ಟರು. ತೆಂಗು ಒಣಗಿ ಮರಗಳನ್ನೇ ಕಡಿಸಿದ್ದ ಹಿರಿಯೂರಿನ ರೈತರಿಗೆ ಅದು ಮರುಜೀವ ಬಂದ ಗಳಿಗೆ.

ಅದೇ ದಿನಗಳಲ್ಲಿ ಜಲಾಶಯದ ಮೇಲುಭಾಗದಲ್ಲಿ, ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಊರುಗಳಲ್ಲಿ, ತೆಂಗು ಅಡಿಕೆ ತೋಟಗಳೊಳಗೆ ನೀರು ನಿಂತಿತು. ರಸ್ತೆಗಳು ಮುಳುಗಿದವು, ಮನೆಗಳಿಗೂ ನೀರು ನುಗ್ಗಿತು. ಕೋಡಿಯ ಎತ್ತರ ತಗ್ಗಿಸಿ ಎಂಬ ಬೇಡಿಕೆ ಎದ್ದಿತು. ತಗ್ಗಿಸಕೂಡದು ಎಂದು ಹಿರಿಯೂರಿನ ಅಚ್ಚುಕಟ್ಟಿನವರು ಪಟ್ಟು ಹಿಡಿದರು. ಎರಡೂ ಕಡೆಯವರ ಮಾತಿನಲ್ಲಿ ನ್ಯಾಯವಿತ್ತು. 2025ರ ಜನವರಿಯಲ್ಲಿ ಜಲಾಶಯ ಮತ್ತೆ ಕೋಡಿ ಬಿದ್ದಾಗ ಅದೇ ಸಂಭ್ರಮ, ಅದೇ ಸಂಕಟ ಮರುಕಳಿಸಿತು.

ಈ ಜಗಳದ ಬುಡದಲ್ಲಿರುವುದು ದಡದ ಪ್ರಶ್ನೆ. ನೀರು ಎಲ್ಲಿಯವರೆಗೆ ಬರಬಹುದು, ಬರದ ವರ್ಷಗಳಲ್ಲಿ ಅಲ್ಲಿ ಯಾರು ಏನು ಮಾಡಬಹುದು, ಬಂದಾಗ ನಷ್ಟ ಯಾರ ತಲೆಗೆ ಎಂಬ ಪ್ರಶ್ನೆ. ದಡದ ನಿರ್ವಹಣೆ ಎಂದರೆ ಮಂಗಳೂರು, ಉಡುಪಿ, ಕಾರವಾರದವರ ತಲೆನೋವು ಎಂದುಕೊಂಡು ಬಯಲುಸೀಮೆಯವರು ಸುಮ್ಮನಿದ್ದೇವೆ. ಆದರೆ ಕರಾವಳಿಗಾಗಿ ಈ ದೇಶ ಮೂರು ದಶಕಗಳಿಗೂ ಹೆಚ್ಚು ಕಾಲ ಕಲಿತದ್ದರಲ್ಲಿ ಚಿತ್ರದುರ್ಗಕ್ಕೆ ಇಂದೇ ಬೇಕಾದ ಪಾಠಗಳಿವೆ.

ಮೊದಲು ಈ ಜಲಾಶಯದ ಸ್ವಭಾವ ತಿಳಿಯಬೇಕು. ವೇದಾವತಿಗೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಮೈಸೂರು ಸಂಸ್ಥಾನ ಇದನ್ನು ಕಟ್ಟಲು ತೊಡಗಿದ್ದು 1898ರಲ್ಲಿ. ಕೆಲಸ ಮುಗಿದದ್ದು 1907ರಲ್ಲಿ. ಆರಂಭಿಸಿದಾಗ ರಾಜಪ್ರತಿನಿಧಿಯಾಗಿ ಆಳುತ್ತಿದ್ದವರು ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಜಲಾಶಯಕ್ಕೆ ಅವರದೇ ಹೆಸರು. ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ, ಪೂರ್ಣ ಮಟ್ಟ 130 ಅಡಿ. ಇದರ ಜಲಾನಯನ 5,300 ಚದರ ಕಿಲೋಮೀಟರ್ ಮೀರಿದ್ದು. ಇಷ್ಟು ದೊಡ್ಡ ಪ್ರದೇಶದ ನೀರು ಬರಬೇಕಾದ ಕಡೆ 89 ವರ್ಷ ಕೋಡಿ ಬೀಳಲಿಲ್ಲವೇಕೆ?

ಜಲಾನಯನದ ಬಹುಭಾಗ ಮಳೆನೆರಳಿನ ನಾಡು. ವೇದಾ, ಅವತಿ ಎಂಬ ಎರಡು ಹೊಳೆಗಳು ಬಾಬಾಬುಡನ್‌ಗಿರಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟಿ ಕಡೂರಿನ ಬಳಿ ಕೂಡುತ್ತವೆ. ಅವು ಕೂಡುವ ಮೊದಲೇ ಅಯ್ಯನಕೆರೆ, ಮದಗದಕೆರೆಗಳಂಥ ದೊಡ್ಡ ಕೆರೆಗಳು ತಮ್ಮ ಪಾಲು ಹಿಡಿದುಕೊಳ್ಳುತ್ತವೆ. ಅಲ್ಲಿಂದ ಮುಂದೆ ನೂರಾರು ಸಣ್ಣ ಕೆರೆ, ಕಟ್ಟೆ, ಚೆಕ್‌ಡ್ಯಾಂಗಳು. ಅವೆಲ್ಲ ತುಂಬಿ ಮಿಕ್ಕಿದ್ದು ಮಾತ್ರ ಮಾರಿಕಣಿವೆಗೆ. ಕಳೆದ ಕೆಲವು ದಶಕಗಳಲ್ಲಿ ಕೊಳವೆಬಾವಿಗಳು ಅಂತರ್ಜಲವನ್ನು ಎಳೆದುಬಿಟ್ಟವು. ಸುರಿದ ಮಳೆಯ ಮೊದಲ ಪಾಲನ್ನು ಒಣಗಿದ ನೆಲವೇ ಕುಡಿದುಬಿಡುತ್ತಿತ್ತು.

ಹೀಗೆ ನೀರು ವರ್ಷಗಟ್ಟಲೆ ಕೆಳಮಟ್ಟದಲ್ಲೇ ನಿಂತಿತು. ಜಲಾಶಯದ ಅಂಗಳ ತಟ್ಟೆಯ ಹಾಗೆ, ಮೇಲೆ ಹೋದಷ್ಟೂ ಅಗಲ. ನೀರಿನ ಮಟ್ಟ ಕೆಲವೇ ಅಡಿ ಇಳಿದರೂ ಅಂಚಿನಲ್ಲಿ ಅಪಾರ ನೆಲ ಬಯಲಾಗುತ್ತದೆ. ಹೂಳು ಕೂತ ಆ ಮಣ್ಣು ಫಲವತ್ತಾದದ್ದು, ತೇವ ಹಿಡಿದದ್ದು. ಪಕ್ಕದಲ್ಲೇ ನೀರು ಇದೆ. ಬರದ ಸೀಮೆಯ ರೈತ ಅದನ್ನು ಬಿಟ್ಟಾನೆಯೇ? ಮೊದಲು ನೀರು ಇಳಿದ ಹಾಗೆ ಬಿತ್ತಿ, ಮತ್ತೆ ಏರುವ ಮೊದಲು ಕೊಯ್ದುಕೊಳ್ಳುವ ಬೆಳೆ ಬಂತು. ಆಮೇಲೆ ಪಂಪ್‌ಸೆಟ್ ಬಂತು. ನೀರು ಇನ್ನು ಇಲ್ಲಿಗೆ ಬರಲಾರದು ಎಂಬ ನಂಬಿಕೆ ಗಟ್ಟಿಯಾದಂತೆ ತೆಂಗಿನ ಸಸಿ, ಅಡಿಕೆ ಸಸಿ ನಾಟಿದರು. ತೋಟದ ಪಕ್ಕ ಮನೆ ಎದ್ದಿತು, ಮನೆಗೆ ವಿದ್ಯುತ್ ಬಂತು, ರಸ್ತೆ ಬಂತು. ಒಂದೊಂದು ಹೆಜ್ಜೆಯೂ ಸಹಜ. ಆದರೆ 130 ಅಡಿವರೆಗೆ ನೀರು ನಿಲ್ಲುತ್ತದೆ ಎಂಬುದು ಅಣೆಕಟ್ಟೆ ಕಟ್ಟುವಾಗಲೇ ನಿಶ್ಚಯವಾಗಿದ್ದ ಸಂಗತಿ. ಜನರ ನೆನಪಿನಿಂದ ಅದು ಅಳಿದುಹೋಗಿತ್ತು.

ಸಮುದ್ರದ ದಡದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಭರತ ದಿನಕ್ಕೆ ಎರಡು ಬಾರಿ ಬಂದು ತನ್ನ ಗಡಿಯನ್ನು ತೋರಿಸಿ ಹೋಗುತ್ತದೆ. ಮಾರಿಕಣಿವೆಯ ಭರತ 89 ವರ್ಷಕ್ಕೊಮ್ಮೆ ಬಂತು. ಅಷ್ಟರಲ್ಲಿ ಮೂರು ತಲೆಮಾರು ಕಳೆದಿದ್ದವು. ಇಂಥ ಕಡೆ ದಡದ ನೆನಪನ್ನು ಜನರ ಮೇಲೆ ಬಿಡಲಾಗದು. ಅದನ್ನು ಕಾಗದ ಹೊರಬೇಕು, ನೆಲದ ಮೇಲೆ ಬಾಂದುಕಲ್ಲು ಹೊರಬೇಕು.

ಕರಾವಳಿಯಲ್ಲಿ ಮಾಡಿದ್ದು ಇದನ್ನೇ. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತ ರೇಖೆಯಿಂದ 500 ಮೀಟರ್‌ವರೆಗಿನ ಕಡಲತೀರವನ್ನು ಕಟ್ಟಡಗಳಿಂದ ಮುಕ್ತವಾಗಿಡಿ ಎಂದರು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1991ರ ಫೆಬ್ರುವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಟಿತು. 2011ರಲ್ಲೂ 2019ರಲ್ಲೂ ಅದು ಹೊಸ ರೂಪ ಪಡೆಯಿತು. ಸಡಿಲಿಕೆಗಳ ಬಗ್ಗೆ ತಕರಾರುಗಳಿವೆ, ಉಲ್ಲಂಘನೆಗಳೂ ಕಡಿಮೆಯಿಲ್ಲ. ಆದರೂ ಅದರೊಳಗಿನ ಮೂರು ತತ್ತ್ವಗಳು ಬಲವಾದವು.

ಮೊದಲನೆಯದು, ದಡವೆಂದರೆ ನೀರಿಗೂ ನೆಲಕ್ಕೂ ಸೇರಿದ ಒಂದು ಪಟ್ಟಿ. ಇಳಿತದ ರೇಖೆಗೂ ಭರತದ ರೇಖೆಗೂ ನಡುವಿನ ನೆಲವನ್ನು ಕಾನೂನು ಪ್ರತ್ಯೇಕವಾಗಿ ಗುರುತಿಸುತ್ತದೆ. ಅದು ಕೆಲವು ಗಂಟೆ ಒಣಗಿದ್ದ ಮಾತ್ರಕ್ಕೆ ಮನೆ ಕಟ್ಟುವ ನಿವೇಶನವಾಗುವುದಿಲ್ಲ. ಎರಡನೆಯದು, ಆ ಪಟ್ಟಿಯ ಬಳಕೆಯಲ್ಲಿ ದರ್ಜೆಗಳಿವೆ. ಮೀನುಗಾರ ಬಲೆ ಒಣಗಿಸುವುದೂ ಹೋಟೆಲು ಏಳುವುದೂ ಒಂದೇ ತಕ್ಕಡಿಯಲ್ಲಿ ತೂಗುವ ವಿಷಯಗಳಲ್ಲ. ಮೀನುಗಾರರ ಸಾಂಪ್ರದಾಯಿಕ ಹಕ್ಕಿಗೆ ಕಾನೂನಿನಲ್ಲೇ ಜಾಗವಿದೆ. ಮೂರನೆಯದು, ದಡದ ಒಂದು ಕಡೆ ಮಾಡಿದ್ದು ಇನ್ನೊಂದು ಕಡೆ ತಟ್ಟುತ್ತದೆ. ಉಳ್ಳಾಲದ ಕಡೆ ಕಡಲ್ಕೊರೆತ ತಡೆಯಲು ವರ್ಷ ವರ್ಷ ಕಲ್ಲು ಸುರಿದು ತಡೆಗೋಡೆ ಕಟ್ಟಿದರು. ಅಲೆಯ ಹೊಡೆತ ಪಕ್ಕದ ತೀರಕ್ಕೆ ತಿರುಗಿತು. ಆ ಅನುಭವದಿಂದಲೇ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಸುಸ್ಥಿರ ಕರಾವಳಿ ರಕ್ಷಣಾ ಯೋಜನೆಯಲ್ಲಿ ತೀರದಿಂದಾಚೆ ಕಡಲೊಳಗೇ ತಡೆದಂಡೆ ಹಾಕಿ ಅಲೆಯ ಬಲ ತಗ್ಗಿಸುವ ದಾರಿ ಹಿಡಿದರು. 1992ರ ರಿಯೊ ಶೃಂಗಸಭೆಯ ಕಾರ್ಯಸೂಚಿ ಹೇಳಿದ ಸಮಗ್ರ ಕರಾವಳಿ ನಿರ್ವಹಣೆಯ ತಿರುಳೂ ಇಷ್ಟೇ: ಮೀನುಗಾರಿಕೆ, ಕಂದಾಯ, ಬಂದರು, ಅರಣ್ಯ, ಪಂಚಾಯಿತಿ ಬೇರೆಬೇರೆ ನಿಂತು ಒಂದೇ ದಡವನ್ನು ಆಳಿದರೆ ದಡ ಉಳಿಯದು.

ಈ ಮೂರನ್ನೂ ವಾಣಿವಿಲಾಸ ಸಾಗರದ ಸುತ್ತ ಇಟ್ಟು ನೋಡೋಣ.

ನೀರಿನ ಮಟ್ಟ ತಗ್ಗಿದಾಗ ಬಯಲಾಗುವ ಹಿನ್ನೀರಿನ ನೆಲ ಇಲ್ಲಿನ ಭರತ-ಇಳಿತದ ಪಟ್ಟಿ. ಅದು ನೀರಿನ ನೆಲ. ನೀರು ಇಲ್ಲದಾಗ ಜನ ಬಳಸಿಕೊಳ್ಳಬಹುದಾದ ನೆಲ. ಬಳಸುವುದೇ ತಪ್ಪು ಎಂದು ಹೇಳುವುದು ಈ ಸೀಮೆಯ ಬದುಕು ಅರಿಯದವರ ಮಾತು. ಕುರಿ ದನ ಮೇಯಿಸುವವರಿಗೆ ಬೇಸಿಗೆಯಲ್ಲಿ ಹಸಿರು ಸಿಗುವುದು ಅಲ್ಲೇ. ಮೀನು ಹಿಡಿಯುವವರ ತೆಪ್ಪ, ಬಲೆ ಇರುವುದೂ ಅಲ್ಲೇ. ಮೂರು-ನಾಲ್ಕು ತಿಂಗಳಲ್ಲಿ ಕೈಗೆ ಬರುವ ಬೆಳೆ ತೆಗೆಯುವುದೂ ತಪ್ಪಲ್ಲ. ನೀರು ಬಂದರೆ ಒಂದು ಬೆಳೆ ಹೋದೀತು, ಮುಂದಿನ ವರ್ಷ ಮತ್ತೆ ಬಿತ್ತಬಹುದು.

ತೆಂಗು ಅಡಿಕೆಯ ಕಥೆ ಬೇರೆ. ಅಡಿಕೆ ಫಲಕ್ಕೆ ಬರಲು ಐದಾರು ವರ್ಷ ಬೇಕು, ಬೇರಿಗೆ ವಾರಗಟ್ಟಲೆ ನೀರು ನಿಂತರೆ ಗಿಡ ಉಳಿಯುವುದಿಲ್ಲ. ಒಂದು ಸಂಸಾರದ ಹತ್ತಿಪ್ಪತ್ತು ವರ್ಷದ ದುಡಿಮೆ ಒಂದು ಮಳೆಗಾಲದಲ್ಲಿ ಮುಳುಗುತ್ತದೆ. ಮನೆ, ಕೊಳವೆಬಾವಿ, ಟ್ರಾನ್ಸ್‌ಫಾರ್ಮರ್‌ಗಳ ಗತಿಯೂ ಅದೇ. ಹಿನ್ನೀರಿನ ಪಟ್ಟಿಯಲ್ಲಿ ಗೆರೆ ಎಳೆಯಬೇಕಾದುದು ಇಲ್ಲಿ: ನೀರು ಬಂದರೆ ಎದ್ದು ಸರಿಯಬಲ್ಲ ಬಳಕೆಗೂ ಸರಿಯಲಾಗದ ಬಳಕೆಗೂ ನಡುವೆ.

ಇನ್ನೊಂದು ಸಂಗತಿ ಕುಡಿಯುವ ನೀರಿನದು. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳ ನಲ್ಲಿಗಳಿಗೆ ಈ ಜಲಾಶಯದ ನೀರು ಹೋಗುತ್ತದೆ. ಜಿಲ್ಲೆಯ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಾಗಾಗಿ ಮೇಲ್ಮೈ ನೀರಿಗೆ ಇಲ್ಲಿ ಇನ್ನಷ್ಟು ಬೆಲೆ. ಬೇಸಿಗೆಯಲ್ಲಿ ಜಲಾಶಯದ ಅಂಗಳಕ್ಕೆ ಹಾಕಿದ ಗೊಬ್ಬರ, ಹೊಡೆದ ಔಷಧ ಮಳೆಗಾಲದಲ್ಲಿ ನೀರಿಗೆ ಸೇರುತ್ತದೆ. ದಾಳಿಂಬೆಯಂಥ, ಮೇಲಿಂದ ಮೇಲೆ ಔಷಧ ಬೇಡುವ ಬೆಳೆ ಹೊಸದುರ್ಗದ ಕಡೆ ಸಾಕಷ್ಟಿದೆ. ಅದು ಅಂಚಿನಿಂದ ಎಷ್ಟು ದೂರ ಇರಬೇಕು ಎಂಬುದು ಚಿತ್ರದುರ್ಗದ ಮಗು ಕುಡಿಯುವ ಲೋಟದ ಪ್ರಶ್ನೆ.

ಇನ್ನು ಕೋಡಿ ತಗ್ಗಿಸುವ ಮಾತು. ಮೇಲೆ ಹೋದಷ್ಟೂ ಅಗಲವಾಗುವ ಜಲಾಶಯದಲ್ಲಿ ಮೇಲಿನ ಒಂದೇ ಅಡಿ ತಳದ ಹಲವು ಅಡಿಗಳಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಕೋಡಿಯನ್ನು ಕೆಲವು ಅಡಿ ಇಳಿಸಿದರೆ ಕಳೆದುಕೊಳ್ಳುವುದು ಬರಗಾಲದ ವರ್ಷಗಳ ಆಪದ್ಧನವನ್ನು. ಮಳೆ ಸರಾಸರಿ 600 ಮಿಲಿಮೀಟರ್ ಆಸುಪಾಸಿನಲ್ಲೇ ಇರುವ ಜಿಲ್ಲೆಗೆ ಅದು ದುಬಾರಿ. ಅಷ್ಟೇ ಅಲ್ಲ, ಇಂದು ತಗ್ಗಿಸಿದರೆ ನಾಳೆ ಹೊಸ ಮಟ್ಟದ ಅಂಚಿಗೆ ಮತ್ತೆ ತೋಟ ಇಳಿಯುತ್ತದೆ; ಇನ್ನೊಂದು ತಲೆಮಾರು ಮತ್ತೆ ಅದೇ ಬೇಡಿಕೆ ಇಡುತ್ತದೆ. ಉಳ್ಳಾಲದ ತಡೆಗೋಡೆ ಮಾಡಿದಂತೆ ಸಂಕಟ ಜಾಗ ಬದಲಿಸುತ್ತದೆಯೇ ಹೊರತು ಮುಗಿಯುವುದಿಲ್ಲ.

ಹಾಗೆಂದು ಹೊಸದುರ್ಗದ ರೈತನಿಗೆ "ನೀನು ನೀರಿನ ಜಾಗಕ್ಕೆ ಬಂದೆ, ಅನುಭವಿಸು" ಎಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಅಲ್ಲಿ ರಸ್ತೆ ಮಾಡಿದ್ದು ಸರ್ಕಾರ, ವಿದ್ಯುತ್ ಕೊಟ್ಟಿದ್ದು ಸರ್ಕಾರ. ಗಡಿ ಗೊತ್ತಿದ್ದೂ ತೋರಿಸದೆ ಇದ್ದ ಹೊಣೆ ಆಡಳಿತದ್ದೂ ಹೌದು. ಪಹಣಿ ಇದ್ದವರು, ಬಗರ್‌ಹುಕುಂ ಸಾಗುವಳಿ ಮಾಡಿದವರು, ಇತ್ತೀಚೆಗೆ ಒತ್ತುವರಿ ಮಾಡಿದವರು ಎಲ್ಲರೂ ಒಂದೇ ಅಲ್ಲ. ಅವರನ್ನು ಬೇರೆಬೇರೆಯಾಗಿ ಗುರುತಿಸಿ, ಹಕ್ಕಿದ್ದವರಿಗೆ ನೆಲಕ್ಕೆ ನೆಲ ಅಥವಾ ತಕ್ಕ ಪರಿಹಾರ ಕೊಡಬೇಕು.

ಈ ಕೆಲಸ ಮುಂದೂಡಲಾಗದ್ದು ಏಕೆಂದರೆ ಜಲಾಶಯದ ಲೆಕ್ಕವೇ ಬದಲಾಗಿದೆ. ಭದ್ರಾ ಮೇಲ್ದಂಡೆ ಯೋಜನೆ ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಅಜ್ಜಂಪುರದ ಸುರಂಗದ ಮೂಲಕ ಈ ಕಡೆಗೆ ನೀರು ತರುವ ಯೋಜನೆ. ಅದರ ಒಟ್ಟು ಪಾಲು 29.9 ಟಿಎಂಸಿ ಅಡಿ; ಅದರಲ್ಲಿ ವಾಣಿವಿಲಾಸ ಸಾಗರಕ್ಕೆ 2 ಟಿಎಂಸಿ ಅಡಿ. 2019ರಿಂದಲೇ ಆ ದಾರಿಯಲ್ಲಿ ನೀರು ಹರಿದು ಬಂದಿದೆ. ಹಿಂದೆ ಒಂದು ಒಳ್ಳೆಯ ಮಳೆಗಾಲ ಬಂದರೂ ಖಾಲಿ ಜಲಾಶಯ ಅದನ್ನು ನುಂಗಿಕೊಳ್ಳುತ್ತಿತ್ತು. ಈಗ ಅರ್ಧ ತುಂಬಿರುವಾಗಲೇ ಮಳೆಗಾಲ ಬಂದರೆ ಕೋಡಿ ಹತ್ತಿರವಾಗುತ್ತದೆ. 1933ರಿಂದ 2022ಕ್ಕೆ 89 ವರ್ಷವಾದರೆ, 2022ರಿಂದ 2025ಕ್ಕೆ ಮೂರೂ ವರ್ಷವಾಗಿರಲಿಲ್ಲ. ದಡ ತನ್ನ ಹಳೆಯ ಜಾಗಕ್ಕೆ ಮರಳಿದೆ, ಇನ್ನು ಆಗಾಗ ಮರಳಲಿದೆ.

ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಇಂಥ ಪ್ರಶ್ನೆ ಒಂದು ಜಲಾಶಯಕ್ಕೆ ನಿಲ್ಲುವುದಿಲ್ಲ. 367 ಕೆರೆಗಳನ್ನು ತುಂಬಿಸುವುದೂ ಅದರ ಉದ್ದೇಶ. ಭರಮಸಾಗರದ ಕೆರೆಗೆ ಬೇರೆ ಏತ ಯೋಜನೆಯಲ್ಲಿ ತುಂಗಭದ್ರೆಯ ನೀರು ಬಂದಿದೆ. ದಶಕಗಳಿಂದ ಒಣಗಿ ಬಳ್ಳಾರಿ ಜಾಲಿ ಬೆಳೆದ ಕೆರೆಯಂಗಳಗಳಿಗೆ ನೀರು ಬರಲಿದೆ ಎಂದರೆ ಪ್ರತಿ ಊರಿನಲ್ಲೂ ಒಂದು ಪುಟ್ಟ ಹಿನ್ನೀರಿನ ಜಗಳ ಕಾದಿದೆ ಎಂದೇ ಅರ್ಥ. ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ಸೀಮೆಯಲ್ಲಿ ಅದರ ತೀವ್ರತೆ ಹೆಚ್ಚು. ಅಡಿಕೆ ಬೆಲೆ ಏರಿದಷ್ಟೂ ಕೆರೆಯ ಅಂಚಿನ ತೇವದ ನೆಲಕ್ಕೆ ಬೇಡಿಕೆ ಏರುತ್ತದೆ. ಹೊಳಲ್ಕೆರೆ, ಚಿತ್ರದುರ್ಗಗಳು ಕುಡಿಯುವ ನೀರಿಗೆ ಚನ್ನಗಿರಿಯ ಸೂಳೆಕೆರೆಯನ್ನೂ ನೆಚ್ಚಿವೆ. ಪಕ್ಕದ ಜಿಲ್ಲೆಯ ಆ ಕೆರೆಯ ದಡ ಒತ್ತುವರಿಯಾದರೆ ಇಲ್ಲಿನ ನಲ್ಲಿ ಸೊರಗುತ್ತದೆ. ಕರ್ನಾಟಕದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ 2014ರಲ್ಲಿ ಬಂದಾಗ ಕೆರೆಯ ಗಡಿಯಿಂದ 30 ಮೀಟರ್‌ ಒಳಗೆ ಕಟ್ಟಡ ಕಟ್ಟುವುದನ್ನು ನಿರ್ಬಂಧಿಸಿತು. ಆದರೆ ಗಡಿಯೇ ನೆಲದ ಮೇಲೆ ಕಾಣದಿದ್ದರೆ 30 ಮೀಟರನ್ನು ಎಲ್ಲಿಂದ ಅಳೆಯುವುದು? ಗಡಿಯ ಒಳಗಿನ ಅಂಗಳದಲ್ಲಿ ಏನು ಬೆಳೆಯಬಹುದು ಎಂಬುದಕ್ಕೂ ಊರಿಗೆ ಗೊತ್ತಾಗುವಂಥ ನಿಯಮ ಬೇಕು.

ನೀರಿನ ಜೊತೆ ಒಪ್ಪಂದ ಮಾಡಿಕೊಂಡು ಬದುಕುವುದು ಈ ನೆಲಕ್ಕೆ ಹೊಸದಲ್ಲ. ಚಂದ್ರವಳ್ಳಿಯಲ್ಲಿರುವ, ಕದಂಬ ಮನೆತನದ ಸ್ಥಾಪಕ ಮಯೂರಶರ್ಮನ 4ನೇ ಶತಮಾನದ ಶಾಸನ ಕೆರೆ ಕಟ್ಟಿಸಿದ ಸಂಗತಿಯನ್ನೇ ಹೇಳುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಇಳಿದು ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಬರುವ ಏರ್ಪಾಡಿತ್ತು. ಪ್ರತಿ ಹೊಂಡದ ಮಟ್ಟ, ಪ್ರತಿ ಕೋಡಿಯ ಜಾಗ ನಿಶ್ಚಿತ; ಮೇಲಿನದು ಎಷ್ಟು ಹಿಡಿದುಕೊಳ್ಳಬೇಕು, ಕೆಳಗಿನದಕ್ಕೆ ಎಷ್ಟು ಬಿಡಬೇಕು ಎಂಬುದು ಕಲ್ಲಿನಲ್ಲೇ ತೀರ್ಮಾನ. ಕೆರೆಗಳಲ್ಲಿ ನೀರುಗಂಟಿ ತೂಬು ಕಾಯುತ್ತಿದ್ದ, ಊರವರು ಹೂಳೆತ್ತುತ್ತಿದ್ದರು. ಕೆರೆಗಳು ಇಲಾಖೆಗಳ ಕೈಗೆ ಹೋದ ಮೇಲೆ ಆ ಜವಾಬ್ದಾರಿಯ ಕೊಂಡಿ ಕಳಚಿತು. ಇಂದು ಜಲಾಶಯದ ನೀರು ಒಂದು ಇಲಾಖೆಗೆ, ಅಂಚಿನ ನೆಲ ಕಂದಾಯಕ್ಕೆ, ಮೀನು ಮೀನುಗಾರಿಕೆ ಇಲಾಖೆಗೆ, ಗುಡ್ಡ ಅರಣ್ಯಕ್ಕೆ, ಹೊಳೆಯ ಮರಳು ಗಣಿ ಇಲಾಖೆಗೆ ಸೇರಿದೆ. ಹೊಣೆ ಇಷ್ಟು ಚೂರಾದ ಮೇಲೆ ಒಟ್ಟು ದಡ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮರಳಿನ ಮಾತು ಬಂದದ್ದರಿಂದ ಹೇಳಬೇಕು: ನಮ್ಮ ದಡಕ್ಕೂ ಸಮುದ್ರದ ದಡಕ್ಕೂ ನೇರ ನಂಟೇ ಇದೆ. ವೇದಾವತಿ ಹಿರಿಯೂರು, ಚಳ್ಳಕೆರೆ ದಾಟಿ, ಮುಂದೆ ಹಗರಿಯಾಗಿ ತುಂಗಭದ್ರೆಯನ್ನು ಸೇರುತ್ತಾಳೆ. ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಕೃಷ್ಣೆಯ ಮುಖಜಭೂಮಿ ಹುಟ್ಟಿದ್ದೇ ಇಂಥ ನೂರಾರು ಹೊಳೆಗಳು ಹೊತ್ತು ತಂದ ಮಣ್ಣು ಮರಳಿನಿಂದ. ಹೊಳೆಗಳುದ್ದಕ್ಕೂ ಅಣೆಕಟ್ಟೆಗಳು ಹೂಳು ಹಿಡಿದವು, ಮಿಕ್ಕ ಮರಳು ಲಾರಿ ಹತ್ತಿತು. ಮುಖಜಭೂಮಿಗೆ ಹೋಗುವ ಮಣ್ಣು ತೀರಾ ಇಳಿದು, ಆಂಧ್ರದ ಆ ತೀರದಲ್ಲಿ ಕಡಲು ಅಲ್ಲಲ್ಲಿ ನೆಲವನ್ನು ಕೊರೆಯುತ್ತಿದೆ. ಹಿರಿಯೂರಿನ ಹೊಳೆಯಲ್ಲಿ ಅಕ್ರಮವಾಗಿ ತೆಗೆದ ಮರಳು ಇಲ್ಲಿ ಬಾವಿ ಒಣಗಿಸುತ್ತದೆ, ದಡ ಕುಸಿಯುವಂತೆ ಮಾಡುತ್ತದೆ. ಅಲ್ಲಿ, ನಾವು ಕಾಣದ ಕಡಲ ತೀರದಲ್ಲೂ ಅದರ ಪಾಲಿನ ಪೆಟ್ಟು ಬೀಳುತ್ತದೆ.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಮೊದಲು, 130 ಅಡಿಯ ಮಟ್ಟವನ್ನು ಹಿನ್ನೀರಿನ ಉದ್ದಕ್ಕೂ ಸರ್ವೆ ಮಾಡಿ ಬಾಂದುಕಲ್ಲು ನೆಡಬೇಕು. ಆ ಗೆರೆಯೊಳಗಿನ ಪ್ರತಿ ಸರ್ವೆ ನಂಬರಿನ ಪಹಣಿಯಲ್ಲಿ "ಜಲಾಶಯದ ಮುಳುಗಡೆ ವ್ಯಾಪ್ತಿ" ಎಂದು ಬರೆಯಬೇಕು. ಆಗ ಕೊಳ್ಳುವವನಿಗೂ ಸಾಲ ಕೊಡುವ ಬ್ಯಾಂಕಿಗೂ ಗೊತ್ತಾಗುತ್ತದೆ. ಎರಡನೆಯದಾಗಿ, ಗೆರೆಯೊಳಗೆ ಮೇವು, ಮೀನುಗಾರಿಕೆ, ಅಲ್ಪಾವಧಿ ಬೆಳೆಗೆ ಅನುಮತಿ ಕೊಟ್ಟು, ಹೊಸ ತೋಟ ಮತ್ತು ಕಟ್ಟಡಗಳನ್ನು ನಿಲ್ಲಿಸಬೇಕು. ಈಗಿರುವವರಿಗೆ ಕಾಲಾವಕಾಶ ಮತ್ತು ಪುನರ್ವಸತಿ ಕೊಡಬೇಕು. ಮೂರನೆಯದಾಗಿ, ಗೆರೆಯ ಹೊರಗೆ ಹೊಂಗೆ, ಬೇವು, ಹುಲ್ಲಿನ ಒಂದು ಹಸಿರು ಅಂಚು ಬೆಳೆಸಬೇಕು. ಮಣ್ಣು, ಗೊಬ್ಬರ, ಔಷಧ ನೀರಿಗೆ ಇಳಿಯುವುದನ್ನು ಅದು ತಡೆಯುತ್ತದೆ. ನಾಲ್ಕನೆಯದಾಗಿ, ಮಳೆಗಾಲದಲ್ಲಿ ಒಳಹರಿವಿನ ಮುನ್ಸೂಚನೆ ಹಿನ್ನೀರಿನ ಊರುಗಳಿಗೂ ಕೋಡಿಯ ಕೆಳಗಿನ ಊರುಗಳಿಗೂ ಒಟ್ಟಿಗೆ ತಲುಪಬೇಕು. ಕೊನೆಯದಾಗಿ, ಹೊಸದುರ್ಗ ಮತ್ತು ಹಿರಿಯೂರಿನ ರೈತರು, ಮೀನುಗಾರರು, ಕುರಿಗಾಹಿಗಳು, ಇಲಾಖೆಗಳು ಕೂತು ಮಾತಾಡುವ ಒಂದೇ ಸಮಿತಿ ಬೇಕು. ಮೇಲಿನವರ ಸಭೆ ಬೇರೆ, ಕೆಳಗಿನವರ ಸಭೆ ಬೇರೆ ಆಗುವವರೆಗೂ ಜಗಳ ತೀರದು.

ಮಾರಿಕಣಿವೆಯ 130 ಅಡಿಯ ದಡ ನೀರಿನದು. ನೀರು ಇಲ್ಲದಾಗ ಅದು ಸುತ್ತಲಿನ ಊರುಗಳ ಬಳಕೆಯದು, ಯಾರೊಬ್ಬರ ಸ್ವತ್ತೂ ಅಲ್ಲ. ಈ ಒಪ್ಪಂದ ಬರವಣಿಗೆಗೆ ಇಳಿಯಬೇಕಾದ ಕಾಲ ಇದು. ಕೋಡಿ ಬಿದ್ದ ವರ್ಷ ದಡದ ಅಂಚು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡು ಬರ ಬಂದರೆ ಮರೆತುಹೋಗುತ್ತದೆ. ನೀರು ನಿಂತ ಗುರುತು ತೋಟದ ಮರಗಳ ಮೇಲೆ ಇನ್ನೂ ಕಾಣುವಾಗಲೇ ಸರ್ವೆಯವರು ಹೊರಡಬೇಕು. ಹಿನ್ನೀರಿನ ಪ್ರತಿ ಗ್ರಾಮ ಪಂಚಾಯಿತಿ ತನ್ನ ಮುಂದಿನ ಗ್ರಾಮಸಭೆಯಲ್ಲಿ ಈ ಸರ್ವೆಯನ್ನು ಕೇಳಿ ನಿರ್ಣಯ ಮಾಡಲಿ, ಜಿಲ್ಲಾಡಳಿತ ಅದಕ್ಕೆ ದಿನ ನಿಗದಿ ಮಾಡಲಿ.